ಅಡ್ಡಪರಿಣಾಮದ ಕಾಲಂ

ತಿಂಗಳ ಕೊನೆಯ ಭಾನುವಾರ ನನಗೆ ರಾತ್ರಿ ಪಾಳಿ.
ಪೋರ್ತೊದ ಈ ಇಳಿಜಾರು ಬೀದಿಯಲ್ಲಿ
ಹಸಿರು ಶಿಲುಬೆಯೊಂದು ಮಿಣುಕುತ್ತದೆ.
ಬಾಗಿಲಿಗೆ ಬೀಗ, ಬೀಗದ ಪಕ್ಕ ಅಂಗೈಯಗಲ ಕಿಂಡಿ,
ಕಿಂಡಿಯೊಳಗೆ ನಾನು, ಜ್ವರದ ಮಾತ್ರೆ, ಕೆಮ್ಮಿನ ಔಷಧಿ,
ಮತ್ತು ಆ ತಿಂಗಳ ಪುಸ್ತಕ.

ಅಂಗಡಿಯ ಹಳೇ ರಿಜಿಸ್ಟರೊಂದು ಖಾಲಿ ಉಳಿದಿತ್ತು,
ಬಿಸಾಡಲು ಮನಸ್ಸು ಬರಲಿಲ್ಲ.
ಕಾಲಂಗಳು ಮೊದಲೇ ಅಚ್ಚಾಗಿದ್ದವು:
ಹೆಸರು. ಪ್ರಮಾಣ. ಯಾರಿಗೆ ಕೊಟ್ಟದ್ದು. ಅಡ್ಡಪರಿಣಾಮ.
ಹನ್ನೊಂದು ವರ್ಷವಾಯಿತು. ತಿಂಗಳಿಗೊಂದು ಕಾದಂಬರಿ,
ಕಾದಂಬರಿಗೊಂದು ಸಾಲು ಸಾಕು ಅಂದುಕೊಂಡದ್ದು
ಪುಟ ತುಂಬಿ ಅಂಚಿಗೂ ಹತ್ತಿತು.
ಗಂಡು ಗಂಡನ್ನು ಹಚ್ಚಿಕೊಂಡ ಕತೆ,
ಹೆಣ್ಣು ಹೆಣ್ಣಿನ ಹೆರಳು ಬಿಚ್ಚಿದ ಕತೆ,
ಎರಡೂ ಅಲ್ಲದವರು ಕನ್ನಡಿಯೆದುರು ಬಹಳ ಹೊತ್ತು ನಿಂತ ಕತೆ.
ಕ್ವಿಯರ್ ಎಂದು ಈಗ ಅದಕ್ಕೊಂದು ಕಪಾಟೇ ಇದೆ,
ಬೆಳಕಿನಲ್ಲಿ, ಅಡುಗೆ ಪುಸ್ತಕಗಳ ಪಕ್ಕ.
ನನ್ನ ಇಪ್ಪತ್ತರಲ್ಲಿ ಮುದುಕ ಬೆಲ್ಮೀರು
ಅಂಥದ್ದನ್ನು ಮೀನಿನಂತೆ ಕಾಗದದಲ್ಲಿ ಸುತ್ತಿ
ಕಣ್ಣೆತ್ತದೆ ಚಿಲ್ಲರೆ ಎಣಿಸುತ್ತಿದ್ದ.
ಒಮ್ಮೆ ಮಾತ್ರ ಅಂದ: "ಕೊನೆಯ ಅಧ್ಯಾಯ ಓದಬೇಡ, ಮಗಳೇ."

ಓದಿದೆ.
ಆ ಕಾಲದ ಕತೆಗಳಲ್ಲಿ ಇಬ್ಬರಲ್ಲೊಬ್ಬಳು ಸಾಯಲೇಬೇಕಿತ್ತು.
ಕ್ಷಯ, ರೈಲು, ನದಿ; ನದಿಯೇ ಹೆಚ್ಚು.
ರಿಜಿಸ್ಟರಿನ ಮೊದಲ ವರ್ಷ ಹಳೆಯವನ್ನೇ ಹುಡುಕಿ ಓದಿದೆ,
ಪ್ರಮಾಣದ ಕಾಲಮ್ಮಿಗೆ ಹೆಣಗಳ ಲೆಕ್ಕ:
ಹನ್ನೆರಡು ಪುಸ್ತಕ, ಹದಿನಾಲ್ಕು ಸಾವು,
ಒಂದು ಮದುವೆ, ಅದೂ ಬೇರೆ ಯಾರದೋ ಜೊತೆ.
"ಭಾಷೆ ಚೆಂದ. ಲೇಖಕನಿಗೆ ಧೈರ್ಯ ಸಾಲದು.
ಹುಡುಗಿಗೆ ಈಜು ಕಲಿಸಬಹುದಿತ್ತು."

ಇದಾಲೀನ ಓದುವವಳಲ್ಲ.
ಗೋಡೆಯಿಂದುದುರಿದ ನೀಲಿ ಬಿಲ್ಲೆಗಳನ್ನು
ಚೂರಿಗೆ ಚೂರು ಕೂಡಿಸುವುದು ಅವಳ ಕಸುಬು,
ಉಗುರಸಂದಿಯಲ್ಲಿ ಸದಾ ಸುಣ್ಣ.
"ನಮ್ಮ ಕತೆ ನಮಗೇ ಗೊತ್ತಲ್ಲ ಮಾರಾಯ್ತಿ,
ಅದನ್ನ ದುಡ್ಡು ಕೊಟ್ಟು ಓದೋದೇನು?"
ಮೂವತ್ತು ವರ್ಷ ಒಂದೇ ಒಲೆ, ಒಂದೇ ಹೊದಿಕೆಯ ಎಳೆದಾಟ.
ಓಣಿಯವರ ಬಾಯಲ್ಲಿ ನಾವು ಅಕ್ಕತಂಗಿ ಮಕ್ಕಳು.
ಅವರನ್ನು ನಾನು ತಿದ್ದಿಲ್ಲ.
ಪುಸ್ತಕಗಳನ್ನು ತಿದ್ದುತ್ತೇನೆ, ಕೆಂಪು ಶಾಯಿಯಲ್ಲಿ.

ಈ ಅಕ್ಟೋಬರಿನದು ತೆಳು ಪುಸ್ತಕ.
ಇಬ್ಬರು ಗಂಡಸರು. ಒಬ್ಬ ಗ್ಯಾಸ್ ಸಿಲಿಂಡರ್ ತರಲು ಮರೆತ.
ಅದರ ಜಗಳ ನೂರಾ ಹತ್ತು ಪುಟ.
ಯಾರೂ ಸಾಯಲಿಲ್ಲ, ಯಾರೂ ಅಮ್ಮನೆದುರು ಅಳಲಿಲ್ಲ,
ಕೊನೆಗೆ ತಣ್ಣನೆ ಹುರುಳಿಕಾಯಿ ತಿಂದು ಮಲಗಿದರು.
ಎರಡು ಸಲ ಓದಿದೆ. ಏನಂತ ಬರೆಯಲಿ?
ಸಾವಿಗೆ ನನ್ನಲ್ಲಿ ಪದಗಳಿದ್ದವು, ಡಬ್ಬಿ ಡಬ್ಬಿ.
ತಣ್ಣನೆ ಹುರುಳಿಕಾಯಿಗೆ ಇರಲಿಲ್ಲ.

ನಡುರಾತ್ರಿ ಕಿಂಡಿ ತಟ್ಟಿದ ಒಬ್ಬ ಹುಡುಗ,
ಕಣ್ಣಿಗೆ ಕಾಡಿಗೆ, ದವಡೆಗೆ ನೋವು.
ಮಾತ್ರೆ ಕೊಟ್ಟೆ. ಅವನ ಕಣ್ಣು ಪುಸ್ತಕದ ಮೇಲೆ.
"ಚೆನ್ನಾಗಿದೆಯಾ?"
"ಏನೂ ಆಗಲ್ಲ ಇದರಲ್ಲಿ."
"ಏನೂ ಅಂದ್ರೆ ಏನೂ?" ಕೆನ್ನೆ ಹಿಡಿದೇ ನಕ್ಕ,
"ಮುಗಿದಿದ್ರೆ ಕೊಡ್ತೀರಾ?"
ಕಿಂಡಿಯಲ್ಲಿ ನೇರ ತೂರಲಿಲ್ಲ, ಓರೆಮಾಡಿ ದಾಟಿಸಿದೆ.
ಯಾರಿಗೆ ಕೊಟ್ಟದ್ದು: ಹಲ್ಲುನೋವಿನ ಹುಡುಗ.
ಹನ್ನೊಂದು ವರ್ಷದಲ್ಲಿ ಆ ಕಾಲಮ್ಮಿನ ಮೊದಲ ಶಾಯಿ.

ಮೊದಲನೆಯದು ಹೌದೋ ಅಲ್ಲವೋ ಎಂದು
ಹಿಂದಿನ ಪುಟ ಮಗುಚಿದರೆ,
ನಾನೆಂದೂ ಮುಟ್ಟದ ಕಟ್ಟಕಡೆಯ ಕಾಲಮ್ಮಿನಲ್ಲಿ
ಪೆನ್ಸಿಲಿನ ಗೀಚು, ಸುಣ್ಣದ ಹೆಬ್ಬೆಟ್ಟು.
ಮಾರ್ಚ್: ಮೂರು ದಿನ ಮಾತಿಲ್ಲ.
ಜುಲೈ: ಸಾರಿಗೆ ಎರಡು ಸಲ ಉಪ್ಪು.
ಡಿಸೆಂಬರ್: ನನ್ನ ತಲೆ ಬಾಚಿಕೊಟ್ಟಳು, ಕಾರಣ ಹೇಳಲಿಲ್ಲ.

ಬೆಳಗಾಯಿತು, ಕಡಲಹಕ್ಕಿಗಳ ಕಿರುಚಾಟ.
ಅಕ್ಟೋಬರಿನ ವಿಮರ್ಶೆ ಬರೆಯದೇ ಮನೆ ಸೇರಿದೆ.
ಅವಳಿನ್ನೂ ಎದ್ದಿರಲಿಲ್ಲ.
ಸಿಲಿಂಡರ್ ಅಲುಗಿಸಿ ನೋಡಿದೆ,
ಹಗುರ.