ಪ್ರತಿಕೂಲವಾದದ್ದೇನೂ ಇಲ್ಲ

ಊರ ಬಾಯಿ ಮುಚ್ಚಲಾಗದು ಎನ್ನುತ್ತಾರೆ.
ತೆರೆಸುವುದೂ ಅಷ್ಟೇ ಕಷ್ಟ, ನನ್ನನ್ನು ಕೇಳಿ.
ಹದಿನೇಳು ವರ್ಷದಿಂದ ಡೇಟನ್ನಿನ ಬಾಗಿಲು ತಟ್ಟುತ್ತಿದ್ದೇನೆ,
ಅಂಗೈಯಗಲದ ಬಿಲ್ಲೆ ತೋರಿಸಿ,
ಬೂಟಿನ ಹಿಮ ಒರೆಸಿ,
ಸಿಕ್ಕ ಕುರ್ಚಿಯ ತುದಿಯಲ್ಲಿ ಕೂತು:

ಇವನನ್ನು ಎಷ್ಟು ವರ್ಷದಿಂದ ಬಲ್ಲಿರಿ?
ಕುಡಿಯುತ್ತಾನೆಯೇ? ಕುಡಿದರೆ ಏನಾಗುತ್ತಾನೆ?
ಸಂಬಳಕ್ಕೆ ಮೀರಿದ ಕಾರು?
ಹೊರದೇಶದ ಅತ್ತೆ, ಅಣ್ಣ, ಕಾಗದ?
ಕೊನೆಗೆ, ಪೆನ್ನು ತುಸು ಮೇಲೆತ್ತಿ,
ದೇಶದ ಗುಟ್ಟನ್ನು ಇವನ ಕೈಗೆ ಕೊಡಬಹುದೇ?

ಈ ಕೊನೆಯದಕ್ಕೆ ಎಲ್ಲರೂ
ಕಿಟಕಿಯಾಚೆ ನೋಡುತ್ತಾರೆ.
ಆಚೆ ಏನೂ ಇರುವುದಿಲ್ಲ.
ಒಂದು ಅಂಚೆಡಬ್ಬಿ, ಒಂದು ಮೇಪಲ್ ಮರ.

ಓಪಲ್ ಸ್ಟಿಗರ್ಸ್, ಎಂಬತ್ತೊಂದು, ಮೂರು ಬೆಕ್ಕು,
ಬಾಡಿಗೆ ಹುಡುಗನ ಬಗ್ಗೆ ಎರಡು ಗಂಟೆ ಹೇಳಿದಳು.
ಹೇಳಿದ್ದೆಲ್ಲ ತೀರಿಹೋದ ಗಂಡನ ಕತೆ.
ಬರೆದುಕೊಂಡೆ. ಕಾರಿನಲ್ಲಿ ಕೂತು ಹೊಡೆದುಹಾಕಿದೆ.

ವೆಂಡೆಲ್ ರಕ್ ಎಂಬುವನ ಬಿಟ್ಟ ಹೆಂಡತಿ
ಬಾಣಲೆಯಲ್ಲಿ ಸಾಸೇಜು ಸೀಯಲು ಬಿಟ್ಟು
ಅವನ ಸುಳ್ಳುಗಳನ್ನು ಬೆರಳು ಮಡಿಚಿ ಎಣಿಸಿದಳು, ಏಳರವರೆಗೆ.
ಎಂಟನೆಯದಕ್ಕೆ ಬೆರಳಿತ್ತು, ಮಾತು ಬರಲಿಲ್ಲ.
"ದೇಶದ ಗುಟ್ಟು ತಾನೆ? ಕೊಡಿ.
ನನ್ನದನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ ಅವನು."

ಇದನ್ನೆಲ್ಲಿ ಬರೆಯಲಿ?
ನಮೂನೆಯಲ್ಲಿ ಸಾಲಕ್ಕೆ ಜಾಗವಿದೆ, ಗಾಂಜಾಕ್ಕಿದೆ,
ಜಾಮೀನಿಗಿದೆ, ಹಾಸಿಗೆಗೂ ಇದೆ.

ಈ ಊರಲ್ಲಿ ಕಾರು ಓಡಿಸುವಾಗ ನನಗೆ
ಮನೆಗಳು ಮನೆಗಳಾಗಿ ಕಾಣುವುದಿಲ್ಲ.
ಅದೋ ಹಸಿರು ಬಾಗಿಲು: ಎರಡು ಸಲ ದಿವಾಳಿ,
ಮಗುವಿನ ಆಸ್ಪತ್ರೆ ಬಿಲ್ಲು.
ಮೂಲೆಯ ಮನೆಯವನು ಇಂಡಿಯಾನಾದ ಜೂಜುಕಟ್ಟೆಯಲ್ಲಿ
ಒಂದೇ ರಾತ್ರಿ ಆರು ಸಾವಿರ ಕಳೆದ.
ಸರ್ಕಾರಕ್ಕೆ ಗೊತ್ತು, ನನಗೆ ಗೊತ್ತು, ಹೆಂಡತಿಗೆ ಗೊತ್ತಿಲ್ಲ.
ಅಂಗಡಿಯಲ್ಲಿ ಆಕೆ ಎದುರಾದರೆ
ಈರುಳ್ಳಿ ಆರಿಸುತ್ತೇನೆ, ಬಹಳ ಹೊತ್ತು.

ಯಾರನ್ನೂ ಮನೆಗೆ ಕರೆಯುವುದಿಲ್ಲ.
ಕರೆದರೆ ಏನಾದರೂ ಹೇಳುತ್ತಾರೆ,
ಹೇಳಿದ್ದು ನನ್ನೊಳಗೆ ತಂತಾನೆ ಕಡತವಾಗುತ್ತದೆ,
ತಾರೀಖಿನ ಸಮೇತ.

ಈ ಮಾರ್ಚಿಗೆ ನನ್ನ ಸರದಿ.
ಐದು ವರ್ಷಕ್ಕೊಮ್ಮೆ ಒರೆಗಲ್ಲನ್ನೂ ಒರೆಗೆ ಹಚ್ಚುತ್ತಾರೆ.
ಪರದೆಯ ಸಂದಿಯಿಂದ ಕಂಡೆ:
ಎದುರು ಮನೆಯ ಮೆಟ್ಟಿಲಲ್ಲಿ ಎಳೆಯ ಹುಡುಗನೊಬ್ಬ,
ನನ್ನಂಥದೇ ಚೀಲ,
ನನ್ನಂತೆಯೇ ಬೂಟು ಒರೆಸಿದ.
ಬಾಗಿಲು ತೆರೆದವನು ಕ್ಲೆಟಸ್ ವಾರ್ಮೋತ್, ನಿವೃತ್ತ ಕೊಳಾಯಿಗಾರ.
ಹನ್ನೊಂದು ವರ್ಷ ಎದುರುಬದುರು.
ಕೈ ಎತ್ತಿದ್ದೇವೆ. ಮಾತಾಡಿಲ್ಲ.

ಗಡಿಯಾರ ನೋಡುತ್ತ ನಿಂತೆ.
ಸಭ್ಯರಿಗೆ ನಲವತ್ತು ನಿಮಿಷ ಹಿಡಿಯುತ್ತದೆ,
ಕೆಟ್ಟವರಿಗೆ ಎರಡು ಗಂಟೆ.
ಹುಡುಗ ಒಂಬತ್ತನೆಯ ನಿಮಿಷಕ್ಕೆ ಹೊರಗೆ ಬಂದ.
ಒಂಬತ್ತು ನಿಮಿಷ ಯಾರಿಗೆಂದು ನನಗೆ ಗೊತ್ತು.
ಅಂಥವರ ಕೆಳಗೆ ನಾನೇ ಎಷ್ಟು ಸಲ ಬರೆದಿದ್ದೇನೆ:
ಪ್ರತಿಕೂಲವಾದದ್ದೇನೂ ಇಲ್ಲ.
ಅನುಕೂಲವಾದದ್ದು ಏನಿತ್ತೆಂದು ಕೇಳುವ ರೂಢಿಯಿಲ್ಲ.

ಮಂಗಳವಾರ ರಾತ್ರಿ ಕಸದ ಡಬ್ಬಿ ಎಳೆಯುತ್ತಿದ್ದಾಗ
ಅವನು ರಸ್ತೆ ದಾಟಿ ಬಂದ, ಚಪ್ಪಲಿಯಲ್ಲೇ, ಹಿಮದಲ್ಲಿ.
"ಯಾರೋ ಬಂದಿದ್ದರು ನಿಮ್ಮ ವಿಷಯಕ್ಕೆ.
ಹೇಳಬಹುದೋ ಬಾರದೋ ತಿಳಿಯದು.
ಒಳ್ಳೆಯದನ್ನೇ ಹೇಳಿದೆ.
ಒಂದು ಮಂಗಳವಾರ ತಪ್ಪಿಸಿದವಳಲ್ಲ,
ಡಬ್ಬಿಯ ಮುಚ್ಚಳ ಯಾವಾಗಲೂ ಭದ್ರ,
ರಕೂನುಗಳು ಕೂಡ ಆ ಮನೆಯ ಆಸೆ ಬಿಟ್ಟಿವೆ ಅಂದೆ."

ನಕ್ಕೆವು. ಉಸಿರು ಬೆಳ್ಳಗೆ ಎದ್ದಿತು, ಎರಡು ಕಡೆ.
ಅವನು ಕತ್ತು ತುರಿಸಿಕೊಂಡ.
"ಆ ಹುಡುಗ ವರ್ನಾ ಅಂತೇನೋ ಅಂದ.
ಅದು ನಿಮ್ಮ ಹೆಸರೇ ತಾನೆ?"

ಹೌದೆಂದೆ.
ಆಮೇಲೆ ಒಳಗೆ ಹೋಗಲು ತೋಚದೆ
ಇಬ್ಬರೂ ಅಲ್ಲೇ ನಿಂತೆವು ಸ್ವಲ್ಪ ಹೊತ್ತು,
ಆ ಕೊನೆಯ ಪ್ರಶ್ನೆ ಕೇಳಿಸಿಕೊಂಡವರಂತೆ
ಅಂಚೆಡಬ್ಬಿಯನ್ನೂ
ಬೋಳು ಮೇಪಲ್ಲನ್ನೂ ನೋಡುತ್ತ.