ಬಿಕ್ಕಳಿಕೆ

ಮಾಚೇನಹಳ್ಳಿಯ ಗಾರ್ಮೆಂಟ್ಸಿನಲ್ಲಿ
ಒಂದೂವರೆಗೆ ಸೈರನ್.
ಮುನ್ನೂರು ಮಿಷನ್ನು ಒಟ್ಟಿಗೆ ಉಸಿರು ಬಿಟ್ಟವು;
ಕಿವಿಯೊಳಗೆ ಒಂದು ಇನ್ನೂ ಓಡುತ್ತಲೇ ಇದೆ.

ಅರ್ಧ ಗಂಟೆಯಲ್ಲಿ ಒಂಬತ್ತು ನಿಮಿಷ
ಕೈ ತೊಳೆಯುವ ಸಾಲಿಗೆ.
ನಲ್ಲಿ ಎರಡು, ಅದರಲ್ಲೊಂದು ಬರೀ ಕೆಮ್ಮುತ್ತದೆ.

ಹೂವಮ್ಮನ ಡಬ್ಬಿಯಲ್ಲಿ ನಸುಕಿನ ನಾಲ್ಕೂವರೆಯ ರೊಟ್ಟಿ,
ಕೌಸರಳದು ನಿನ್ನೆಯ ಸಾರು ಕಲಸಿದ ಅನ್ನ,
ನನ್ನದು ಕಳಲೆ ಪಲ್ಯ.
"ಇಷ್ಟು ಹಾಕ್ಲಾ?" "ಸಾಕು ಮಾರಾಯ್ತಿ" ಅನ್ನುವಷ್ಟರಲ್ಲಿ
ಮೂರು ಡಬ್ಬಿಗೂ ಒಂದೇ ವಾಸನೆ.

ಗೋಡೆಗೆ ಹೊಸ ಪೋಸ್ಟರು:
ನಿಧಾನವಾಗಿ ಜಗಿಯಿರಿ, ಆರೋಗ್ಯದಿಂದಿರಿ.
ಅದರ ನೆತ್ತಿಗೇ ಗಡಿಯಾರ,
ಐದು ನಿಮಿಷ ಮುಂದೆ.
ಓದಿದ ಹೂವಮ್ಮನಿಗೆ ತುತ್ತಿನ ನಡುವೆ ನಗು,
ನಗುವಿನ ನಡುವೆ ಬಿಕ್ಕಳಿಕೆ.
"ಯಾರೋ ನೆನೆಸ್ಕೊಂಡ್ರು ನೋಡು."
"ಇನ್ಯಾರು, ಸೂಪರ್‌ವೈಸರ್ರು!"
ನೀರು ಕುಡಿಸಿ, ಬೆನ್ನು ನೀವಿ,
ಮತ್ತೆ ನಕ್ಕು, ರೊಟ್ಟಿ ಅರ್ಧಕ್ಕೇ ಉಳಿಯಿತು.
ನಿಜ ಹೇಳಬೇಕೆಂದರೆ
ಹೊಟ್ಟೆ ತುಂಬಿದ್ದು ಆಗಲೇ.

ಸೈರನ್.
ಕಾಲರು, ಕಾಲರು, ಕಾಲರು.
ಎಷ್ಟು ತೊಳೆದರೂ ಬೆರಳ ತುದಿಗೆ ಕಳಲೆಯ ಒಗರು.
ಯಾವ ದೇಶದವನು ತೊಡುತ್ತಾನೋ ಈ ಅಂಗಿ,
ಯಾವ ಮೇಜಿನ ಮುಂದೆ
ಆರಾಮಾಗಿ ಕೂತು ಉಣ್ಣುತ್ತಾನೋ.
ಅವನಿಗೆ ಬಿಕ್ಕಳಿಕೆ ಬಂದರೆ
ನಾವೇ.