ಅರ್ಧದಾರಿಯ ಲಾಳಿ

ದಾವಣಗೆರೆಯ ಮಂಡಿಪೇಟೆ, ಹಿಂದಿನ ಓಣಿ, ನನ್ನ ಅಂಗಡಿ.
ಎಡಕ್ಕೆ ಹಗ್ಗ ಮಾರುವವರು, ಬಲಕ್ಕೆ ಬೆಲ್ಲ.
ಬೆಲ್ಲದ ಇರುವೆ ಕೀಬೋರ್ಡಿಗೂ ಬರುತ್ತದೆ.

ಮಧ್ಯಾಹ್ನ ಮೂರಕ್ಕೆ ಡೆಂಟಲ್ ಕಾಲೇಜಿನ ನುಸ್ರತ್ ಬಂದಳು.
ಕರ್ಚೀಪು ಬಿಚ್ಚಿ ಹಾರ್ಡ್‌ಡಿಸ್ಕನ್ನು
ಈಗಷ್ಟೇ ಕಿತ್ತ ಹಲ್ಲಿನ ಹಾಗೆ
ಮೇಜಿನ ಮೇಲಿಟ್ಟಳು.
ನಿನ್ನೆ ರಾತ್ರಿಯಿಂದ ಸದ್ದು ಮಾಡುತ್ತಿದೆಯಂತೆ.
ಎಂಥ ಸದ್ದು?
ನಾಲಿಗೆಯನ್ನು ಅಂಗುಳಕ್ಕೆ ಹೊಡೆದು ತೋರಿಸಿದಳು:
ಟಕ್. ಟಕ್.
ನಡುವೆ ಒಂದು ಉಸಿರು.
ಮತ್ತೆ ಟಕ್.

ಅದರೊಳಗೆ ಅವಳ ಮೂರು ವರ್ಷ:
ಮಂಡಕ್ಕಿ ಭಟ್ಟಿಯ ಆರುನೂರ ಹನ್ನೊಂದು ಬಾಯಿಗಳು,
ಹೊಗೆ ಕುಡಿದ ಹಲ್ಲು, ತಂಬಾಕಿನ ಹಲ್ಲು,
ಹಲ್ಲಿಲ್ಲದ ಕಡೆ ಬರೀ ಜಾಗ.
ಇನ್ನೊಂದು ಪ್ರತಿ ಇದೆಯಾ ಎಂದೆ.
ಅವಳು ರಸ್ತೆಯ ಕಡೆ ನೋಡಿದಳು.

ಗುಂಯ್ ಎಂದರೆ ಕ್ಷೇಮ.
ಕಿರ್ರ್ ಎಂದರೆ ಯೋಚಿಸದೆ ತಂತಿ ಕೀಳು,
ಒಳಗೆ ಮುಳ್ಳು ತಟ್ಟೆಯನ್ನು ಗೀರುತ್ತಿದೆ.
ಟಕ್ ಟಕ್ ಒಂದು ಮಾತ್ರ ನನಗೆ ಇಂದಿಗೂ ಬಗೆಹರಿದಿಲ್ಲ,
ಪ್ರಾಣ ಹೋಗುವ ಸದ್ದೂ ಅದೇ,
ಶಾಲೆಗೆ ಹೋಗದವನ ಹೊಟ್ಟೆನೋವೂ ಅದೇ.

ಫ್ರಿಜ್ಜಿನಲ್ಲಿಡಲಾ? ಯಾರೋ ಹೇಳಿದರು, ಎಂದಳು.
ಬೇಡ ತಾಯಿ, ಅದು ಮೊಸರಲ್ಲ.

ಅಪ್ಪ ಮೂಲೆಯ ಸ್ಟೂಲಿನಲ್ಲಿದ್ದ.
ಹತ್ತಿಮಿಲ್ಲಿನಲ್ಲಿ ಇಪ್ಪತ್ತಾರು ವರ್ಷ ಮಗ್ಗದ ಜಾಬರ್.
ಮಿಲ್ಲು ಮುಚ್ಚಿದವರು ಅವನ ಲೆಕ್ಕ ಚುಕ್ತಾ ಮಾಡಿದರು,
ಎರಡು ಕಿವಿ ಮಾತ್ರ ವಾಪಸ್ ಕೊಡಲಿಲ್ಲ.
ನಮ್ಮ ಮುಖ ನೋಡಿ ಎದ್ದು ಬಂದ.
ಉದ್ದನೆಯ ಸ್ಕ್ರೂಡ್ರೈವರು,
ಮೊನೆ ಡಿಸ್ಕಿನ ಬೆನ್ನಿಗೆ,
ಮರದ ಹಿಡಿ ತನ್ನ ಹಲ್ಲಿನ ನಡುವೆ.
ಕಣ್ಣು ಮುಚ್ಚಿದ.
ಟಕ್ ಟಕ್ ಬಿಟ್ಟರೆ
ಪಕ್ಕದವರ ತಕ್ಕಡಿಯ ಸರಪಳಿ, ಅಷ್ಟೇ.

ಎಂಜಲು ಒರೆಸಿ, ಇಡೀ ಓಣಿಗೆ ಕೇಳುವಂತೆ ಹೇಳಿದ:
‘ರೋಗ ಅಲ್ಲ ಬಿಡು. ಹೊಟ್ಟಿಗಿಲ್ಲ ಅದಕ್ಕ.
ಕರೆಂಟು ಇಳಿದಾಗ ಮಗ್ಗ ಹಿಂಗೇ ಬಡಕೊಳ್ತಿತ್ತು.
ಲಾಳಿ ಹೊರಡ್ತತಿ, ಆ ದಡ ಮುಟ್ಟಲ್ಲ,
ಅರ್ಧದಾರ್ಯಾಗ ತಿರುಗಿ ಬರ್ತತಿ.
ಮತ್ತ ಹೊರಡ್ತತಿ.’

ಬಿಚ್ಚುವ ಮೊದಲು ತಂತಿ ನೋಡು,
ಇದನ್ನೇ ಹುಡುಗರಿಗೆ ನೂರು ಸಲ ಹೇಳಿದ್ದೇನೆ.
ಅವಳದು ಫುಟ್‌ಪಾತಿನ ತಂತಿ, ಮೂರಡಿ ಉದ್ದ,
ಕುತ್ತಿಗೆಯಲ್ಲಿ ಬ್ಯಾಂಡೇಜು.
ಡ್ರಾಯರಿನ ತಳದಿಂದ ಗಿಡ್ಡದೊಂದನ್ನು ಎಳೆದೆ,
ಎರಡು ತಲೆಯದು,
ಎರಡನ್ನೂ ಕಂಪ್ಯೂಟರಿನ ಬೆನ್ನಿಗೇ ಚುಚ್ಚಿದೆ.

ಟಕ್.
ಅಪ್ಪ ಮತ್ತೆ ಹಿಡಿ ಕಚ್ಚಿದ.
ಟ
ಆಮೇಲೆ, ದೂರದಿಂದ ಬರುವ ಹಾಗೆ, ಗುಂಯ್.

ನುಸ್ರತ್ ಪರದೆ ನೋಡುತ್ತಿರಲಿಲ್ಲ,
ಅಪ್ಪನ ಬಾಯಿ ನೋಡುತ್ತಿದ್ದಳು.
‘ಕೆಳಗೆ ಎಡಕ್ಕೆ, ಕೊನೆಯಿಂದ ಎರಡನೆಯದು
ಅಲುಗಾಡ್ತಿದೆ. ಸೋಮವಾರ ಕರಕೊಂಡು ಬನ್ನಿ.’
ಏನಂತೆ, ಎಂದ.
ನನ್ನ ಹಲ್ಲನ್ನೇ ಹಿಡಿದು ಅಲುಗಿಸಿ ತೋರಿಸಿದೆ.
‘ಗೊತ್ತೈತಿ. ಅದರಾಗೇ ಚಂದ ಕೇಳ್ತತಿ,
ಕೀಳಬ್ಯಾಡ ಅನ್ನು.’

ಗುಂಯ್ ಎಂದಿತೆಂದು ನಂಬುವ ಹಾಗಿಲ್ಲ.
ಹೊಸದೊಂದು ತರಿಸಿದೆ, ಪ್ರತಿ ಇಳಿಸಲು ಹಚ್ಚಿದೆ.
ಬೆಲ್ಲದವರು ಬೀಗ ಹಾಕಿ ಹೋದರು.
ನಾನು ಶಟರ್ ಅರ್ಧ ಎಳೆದು ಕೂತೆ.
ಅಪ್ಪನ ಅಂಗೈ ಡಿಸ್ಕಿನ ಮೇಲೆ,
ರಾತ್ರಿ ಪಾಳಿಯವನ ಹಾಗೆ, ನಿದ್ದೆಯಲ್ಲೂ.
ಒಂದೊಂದೇ ದವಡೆ, ಬೂದುಬಣ್ಣ,
ಈ ಪೆಟ್ಟಿಗೆಯಿಂದ ಆ ಪೆಟ್ಟಿಗೆಗೆ ದಾಟುತ್ತಿತ್ತು.

ಇನ್ನೂರ ನಾಲ್ಕನೆಯ ಬಾಯಿ ತೆರೆಯಲಿಲ್ಲ.
ಮೂರು ಸಲ ನೋಡಿದೆ.
ಹಳೇ ಬಿಲ್ಲಿನ ಹಿಂಬದಿಗೆ ಬರೆದಿಟ್ಟೆ ಅವಳಿಗೆ:
ಉಳಿದವರೆಲ್ಲ ಬಂದರು.
ಇವನೊಬ್ಬನನ್ನು ಭಟ್ಟಿಯಲ್ಲಿ ಹುಡುಕಿ
ಇನ್ನೊಮ್ಮೆ ‘ಆ’ ಅನ್ನಿಸು.